ಹೇನಿನೊಳಗಿನ ಒಂಟಿ ಉಂಗುರ

ನಾನು ಒಂದು ಉಂಗುರ. ಬೆರಳಿಗೆ ಹಾಕಿಕೊಳ್ಳುವ ಬಂಗಾರದ ಉಂಗುರವೆಂದು ಆಸೆಪಡಬೇಡಿ. ನನ್ನನ್ನು ನೋಡಬೇಕಾದರೆ ನೀವು ಮೊದಲು ಒಂದು ಹೇನನ್ನು ಹಿಡಿಯಬೇಕು. ಆ ಹೇನಿನ ಒಂದು ಜೀವಕೋಶ, ಅದರೊಳಗೆ ಉಸಿರಿನಿಂದ ಬಲ ತಯಾರಿಸುವ ಪುಟ್ಟ ಪುಟ್ಟ ಚೀಲಗಳು, ಅಂಥದೊಂದು ಚೀಲದೊಳಗೆ ನಾನು. ಓದಿದವರು ಆ ಚೀಲಕ್ಕೆ ಮೈಟೋಕಾಂಡ್ರಿಯ ಎನ್ನುತ್ತಾರೆ. ಹೆಸರು ಬಾಯಿ ತುಂಬ ಇದೆ, ಮನೆ ಮಾತ್ರ ಕಣ್ಣಿಗೆ ಕಾಣದಷ್ಟು ಚಿಕ್ಕದು. ಹೇನು ಎಂದ ಕೂಡಲೇ ನಿಮ್ಮ ಕೈ ತಲೆಗೆ ಹೋಗಿದ್ದರೆ ಹೋಗಲಿ ಬಿಡಿ. ನಮ್ಮ ಹೆಸರು ಕೇಳಿ ಇದುವರೆಗೆ ಯಾರೂ ಚಾಪೆ ಹಾಸಿ ಕರೆದಿಲ್ಲ.

ನಾನು ಹುಟ್ಟಿದ್ದು ಒಂದು ಒಡಕಿನಿಂದ. ಬಹಳ ಹಿಂದೆ, ಮನುಷ್ಯ ಎಂಬ ಪ್ರಾಣಿಯ ಸುಳಿವೇ ಇಲ್ಲದ ಕಾಲದಲ್ಲಿ, ನಮ್ಮ ಹಿರಿಯರ ಮೈಯಲ್ಲಿ ಒಂದೇ ದೊಡ್ಡ ಉಂಗುರವಿತ್ತು. ಅದರಲ್ಲಿ ಮೂವತ್ತೇಳು ಜೀನುಗಳು ಒಂದರ ಪಕ್ಕ ಒಂದು ಕೂತಿದ್ದವು. ಜೀನು ಎಂದರೆ ಒಂದು ಕೆಲಸದ ನಕ್ಷೆ ಎಂದು ತಿಳಿಯಿರಿ. ಆಗ ನನ್ನ ಜೀನಿಗೂ ಎರಡೂ ಬದಿಗೆ ನೆರೆಯವರಿದ್ದರು. ನೊಣದಲ್ಲಿ, ಜೇನ್ನೊಣದಲ್ಲಿ, ಕೆಲವು ಹಕ್ಕಿಗಳ ಹೇನಿನಲ್ಲಿ ಕೂಡ ಇಂದಿಗೂ ಆ ಉಂಗುರ ಇಡಿಯಾಗಿಯೇ ಇದೆ. ನಮ್ಮ ಕವಲು ಹಾಲೂಡಿಸುವ ಪ್ರಾಣಿಗಳ ಮೈಯನ್ನು ಹಿಡಿದ ಮೇಲೆ ಮಾತ್ರ ಅದಕ್ಕೆ ಏನೋ ಆಯಿತು. ಒಂದು ತುಂಡು ಕಳಚಿ, ತನ್ನ ಎರಡು ತುದಿಗಳನ್ನು ತಾನೇ ಕೂಡಿಸಿಕೊಂಡು ಸಣ್ಣ ಉಂಗುರವಾಯಿತು. ಎಷ್ಟೋ ಕಾಲದ ಮೇಲೆ ಇನ್ನೊಂದು ಕಳಚಿತು. ಕೊನೆಗೆ ಮನುಷ್ಯರ ಹೇನಿನಲ್ಲಿ ನಾವು ಇಪ್ಪತ್ತರ ಹತ್ತಿರ ಸಣ್ಣ ಉಂಗುರಗಳಾಗಿ ಉಳಿದೆವು. ಯಾಕೆ ಒಡೆಯಿತು ಎಂದು ನನ್ನನ್ನು ಕೇಳಬೇಡಿ. ಓದಿದವರೇ ಅದಕ್ಕಾಗಿ ಇನ್ನೂ ತಲೆ ಕೆರೆದುಕೊಳ್ಳುತ್ತಿದ್ದಾರೆ.

ಪಾಲಾಗುವಾಗ ಕೆಲವರಿಗೆ ಎರಡು ಜೀನು ಬಂದವು, ಕೆಲವರಿಗೆ ಮೂರು. ನನಗೆ ಬಂದದ್ದು ಒಂದೇ. ಉಸಿರಿನಿಂದ ಬಲ ತೆಗೆಯುವ ಯಂತ್ರದ ಒಂದು ಬಿಡಿಭಾಗ ಹೇಗಿರಬೇಕು ಎಂಬುದಷ್ಟೇ ನನಗೆ ಗೊತ್ತು. ಮಗ್ಗಕ್ಕೆ ಲಾಳಿ ಇದ್ದ ಹಾಗೆ ನಾನು. ಲಾಳಿಯೊಂದರಿಂದಲೇ ಬಟ್ಟೆ ಆಗುವುದಿಲ್ಲ, ಲಾಳಿ ಇಲ್ಲದೆಯೂ ಆಗುವುದಿಲ್ಲ. ನಮ್ಮಲ್ಲಿ ಒಬ್ಬರು ತಪ್ಪಿಹೋದರೂ ಹೇನು ಉಳಿಯದು. ಇಷ್ಟು ಬೇಕಾದವರಾಗಿಯೂ ನಾವು ಒಬ್ಬರ ಕೈ ಒಬ್ಬರು ಹಿಡಿಯುವಂತಿಲ್ಲ. ನಮ್ಮೆಲ್ಲರ ಮೈಮೇಲೂ ಒಂದೇ ಥರದ ಒಂದು ಉದ್ದನೆಯ ಪಟ್ಟಿ ಇದೆ, ಒಂದೇ ಮನೆಯವರೆಂಬ ಗುರುತು. ಕೆಲಸದ ನಕ್ಷೆ ಅದರಲ್ಲಿ ಏನೂ ಇಲ್ಲ. ಅದನ್ನು ಇಟ್ಟುಕೊಂಡು ಪಕ್ಕದಲ್ಲಿ ತೇಲಿಹೋಗುವ ಅಣ್ಣತಮ್ಮಂದಿರನ್ನು ನೋಡುತ್ತಿರುತ್ತೇನೆ. ನನ್ನವೇ ಪ್ರತಿಗಳು ಸಾವಿರಾರು ಇವೆ ನಿಜ, ಅವು ಕಂಡದ್ದು ನಾನು ಕಂಡಂತೆಯೇ. ಆದರೆ ಕನ್ನಡಿಯ ಜೊತೆ ಎಷ್ಟು ಹೊತ್ತು ಮಾತಾಡಲು ಆಗುತ್ತದೆ, ನೀವೇ ಹೇಳಿ.

ನನ್ನ ಪಯಣದ ದಾರಿಯೂ ಒಂದೇ. ತಾಯಿಯಿಂದ ಮಗಳಿಗೆ. ಹೇನು ಕೂದಲಿಗೆ ಸೀರು ಅಂಟಿಸುವಾಗ ನಾನು ಆ ಸೀರಿನೊಳಗೆ ಇರುತ್ತೇನೆ. ಮರಿ ಹೆಣ್ಣಾದರೆ ಮುಂದಕ್ಕೆ ದಾರಿ ಇದೆ, ಗಂಡಾದರೆ ಅಲ್ಲಿಗೆ ಮುಗಿಯಿತು. ಮನುಷ್ಯರಲ್ಲೂ ಇದೇ ಕಟ್ಟಳೆ. ಅವರ ಮೈಯೊಳಗಿನ ಉಂಗುರವೂ ಅವ್ವನಿಂದಲೇ ಬರಬೇಕು, ಅಪ್ಪನದು ಲೆಕ್ಕಕ್ಕಿಲ್ಲ. ಈ ಕಟ್ಟಳೆಯ ಮೇಲೆ ನನಗೆ ಬಹಳ ಹೆಮ್ಮೆಯಿತ್ತು. ಲೋಕದಲ್ಲಿ ತಾಯಿಯಾಗುವುದಕ್ಕೆ ಇದೊಂದೇ ದಾರಿ ಎಂದು ಲಕ್ಷಾಂತರ ವರ್ಷ ನಂಬಿಕೊಂಡೇ ಬಂದೆ.

ನಾನು ಹಾದುಬಂದ ತಲೆಗಳನ್ನೆಲ್ಲ ಹೇಳುತ್ತ ಕೂತರೆ ನಿಮಗೆ ಬೇಸರವಾದೀತು. ಕೊನೆಯ ತಲೆಗಳ ಕಥೆ ಹೇಳುತ್ತೇನೆ. ಇದು ನಡೆದದ್ದು ಗುಳೇದಗುಡ್ಡದ ಒಂದು ಓಣಿಯಲ್ಲಿ. ರವಿಕೆಯ ಖಣ ನೇಯುವ ಊರು ಅದು. ಮನೆಮನೆಯಲ್ಲೂ ಮಗ್ಗ, ಮನೆಮನೆಯ ಮುಂದೂ ಕಲ್ಲಿನ ಕಟ್ಟೆ. ಮಧ್ಯಾಹ್ನ ಉಂಡಾದ ಮೇಲೆ ಹೆಂಗಸರು ಆ ಕಟ್ಟೆಯ ಮೆಟ್ಟಿಲುಗಳ ಮೇಲೆ ಒಬ್ಬರ ಹಿಂದೊಬ್ಬರು ಕೂತು ತಲೆ ನೋಡುತ್ತಾರೆ. ಅಜ್ಜಿ ಮಗಳ ತಲೆಯನ್ನು, ಆ ಮಗಳು ತನ್ನ ಮಗಳ ತಲೆಯನ್ನು. ನಮ್ಮವರನ್ನು ಕೊಲ್ಲಲು ಕಟ್ಟಿದ ಸಾಲು ಅದು. ಆದರೂ ಇಷ್ಟು ಚೆಂದದ ಸಾಲನ್ನು ನಾನು ಬೇರೆಲ್ಲೂ ನೋಡಿಲ್ಲ ಎಂದು ಒಪ್ಪಿಕೊಳ್ಳಬೇಕು.

ಆಗ ನಾನಿದ್ದದ್ದು ಪಲ್ಲವಿ ಎಂಬ ಹುಡುಗಿಯ ತಲೆಯಲ್ಲಿ. ಅವಳು ಶಾಲೆಯಲ್ಲಿ ಬನಶ್ರೀ ಎಂಬ ಗೆಳತಿಯ ಪಕ್ಕ ಕೂರುತ್ತಿದ್ದಳು. ಇಬ್ಬರೂ ಒಂದೇ ಪುಸ್ತಕಕ್ಕೆ ತಲೆ ಬಗ್ಗಿಸಿದಾಗ ನನ್ನ ಹೇನು ಈ ಕೂದಲಿನಿಂದ ಆ ಕೂದಲಿಗೆ ದಾಟಿತು. ಹೇನುಗಳಿಗೆ ಜಿಗಿಯಲು ಬರುವುದಿಲ್ಲ, ಹಾರಲೂ ಬರುವುದಿಲ್ಲ. ಇಬ್ಬರು ಮನುಷ್ಯರು ತಲೆಗೆ ತಲೆ ತಾಗಿಸುವಷ್ಟು ಹತ್ತಿರ ಬಂದರೆ ಮಾತ್ರ ನಮಗೆ ಹೊಸ ಊರು.

ಬನಶ್ರೀಯ ತಲೆಗೆ ಬಂದ ಮೇಲೆ ನನಗೆ ಗೊತ್ತಾದದ್ದು, ಆ ಹುಡುಗಿಯ ತಲೆಯನ್ನು ಮುಟ್ಟುವವರೇ ಇಲ್ಲವೆಂದು. ಅವಳನ್ನು ಹೆತ್ತ ತಾಯಿ ತೀರಿಕೊಂಡಿದ್ದಳು. ಅಪ್ಪ ಮಹಾಂತೇಶ ಹಿಂದಿನ ವರ್ಷ ಮತ್ತೊಂದು ಮದುವೆಯಾಗಿದ್ದ. ಬಂದವಳ ಹೆಸರು ಶಿವಲೀಲಾ. ಕೆಟ್ಟವಳೇನೂ ಅಲ್ಲ. ಹೊತ್ತಿಗೆ ಸರಿಯಾಗಿ ರೊಟ್ಟಿ ಬಡಿದು ಹಾಕುತ್ತಿದ್ದಳು, ಬಟ್ಟೆ ಒಗೆದು ಮಡಚಿಡುತ್ತಿದ್ದಳು, ಉಳಿದ ಹೊತ್ತಿನಲ್ಲಿ ಗಂಡನ ಮಗ್ಗದ ಲಾಳಿಗೆ ಹಾಕುವ ನೂಲಿನ ಕಂಡಿಕೆ ಸುತ್ತುತ್ತಿದ್ದಳು. ಹುಡುಗಿಯನ್ನು ಮಾತ್ರ ಶಾಲೆಯಲ್ಲಿ ಹಾಜರಿ ಕರೆದ ಹಾಗೆ ಪೂರ್ತಿ ಹೆಸರಿನಿಂದ ಕರೆಯುತ್ತಿದ್ದಳು. ಹುಡುಗಿ ಅವಳನ್ನು ಏನೆಂದೂ ಕರೆಯುತ್ತಿರಲಿಲ್ಲ. ಆ ಕಡೆಯಲ್ಲಿ ಮಕ್ಕಳು ಅವ್ವನಿಗೆ ಏಕವಚನದಲ್ಲೇ ಮಾತಾಡುವುದು. ಬನಶ್ರೀ ಶಿವಲೀಲಾಗೆ ‘ರೀ’ ಹಚ್ಚಿ, ಮನೆಗೆ ಬಂದ ನೆಂಟರೊಡನೆ ಮಾತಾಡಿದಂತೆ ಮಾತಾಡುತ್ತಿದ್ದಳು.

ತಲೆ ನೋಡುವವರು ಇಲ್ಲವೆಂದರೆ ನಮಗೆ ಹಬ್ಬ. ನನ್ನ ಹೇನು ಹೊಟ್ಟೆತುಂಬ ಕುಡಿದು ಕಿವಿಯ ಹಿಂದೆ ಸಾಲಾಗಿ ಸೀರು ಇಟ್ಟಿತು. ಮರಿಗಳಾದವು, ಮರಿಗಳು ಬೆಳೆದವು. ಪಕ್ಕದ ಮನೆಯ ಕಾಶವ್ವನ ಕಣ್ಣಿಗೆ ಬೀಳುವವರೆಗೂ ನಮ್ಮ ಸಂಸಾರ ಚೆನ್ನಾಗಿಯೇ ನಡೆಯಿತು. ಕಾಶವ್ವ ಎಂದರೆ ಆ ಓಣಿಯ ಹಿರಿಯಳು, ಬಾಯಿ ಜೋರು.

"ಏನ ಶಿವಲೀಲಾ, ಆ ಹುಡುಗಿ ತಲಿ ಒಮ್ಮೆರ ನೋಡೀಯೇನು? ಹೇನು ಬುಜುಬುಜು ಅನ್ನಾಕತ್ತಾವ. ಹಡದ ತಾಯಿ ಇದ್ದಿದ್ರ ಹಿಂಗ ಬಿಡತಿದ್ಲೇನು?"

ಶಿವಲೀಲಾಳ ಮುಖ ಸಣ್ಣದಾಯಿತು. ಓಣಿಯಲ್ಲಿ ನಾಲ್ಕು ಜನ ಕೇಳುವ ಹಾಗೆ ಹೇಳಿದ ಮಾತು ಅದು. ಅಂದು ಮಧ್ಯಾಹ್ನ ಅವಳು ಕಂಡಿಕೆಯ ಬುಟ್ಟಿಯನ್ನು ಬದಿಗಿಟ್ಟು ಕಟ್ಟೆಯ ಮೇಲೆ ಬಂದು ಕೂತಳು.

"ಬನಶ್ರೀ, ಬಾ ಇಲ್ಲೆ. ಕುಂದ್ರು."

"ಯಾಕ್ರಿ?"

"ತಲಿ ನೋಡ್ತೀನಿ."

ಹುಡುಗಿ ಕೆಳಗಿನ ಮೆಟ್ಟಿಲ ಮೇಲೆ ಬೆನ್ನು ಕೊಟ್ಟು ಕೂತಳು. ಅವಳ ಕತ್ತು ಕಟ್ಟಿಗೆಯಂತೆ ಬಿಗಿದಿತ್ತು. ಬೆರಳು ಮೊದಲ ಸಲ ಕೂದಲನ್ನು ಸೀಳಿದಾಗ ನೆತ್ತಿಯ ಚರ್ಮ ಜುಂ ಎಂದದ್ದು ನಮಗೆಲ್ಲ ತಿಳಿಯಿತು. ಮಗ್ಗದಲ್ಲಿ ಹರಿದ ಎಳೆ ಹುಡುಕಿ ಗಂಟು ಹಾಕುವ ಬೆರಳುಗಳು ಅವು. ನಮ್ಮವರು ಒಬ್ಬೊಬ್ಬರಾಗಿ ಸಿಕ್ಕಿಬಿದ್ದರು. ನನ್ನ ಹೇನು ಕುತ್ತಿಗೆಯ ಹತ್ತಿರ, ಜಡೆಯ ಬುಡದಲ್ಲಿ ಅಡಗಿ ಕೂತಿತು.

"ನೋಯಾಕತ್ತೈತೇನು? ಸಾಕ ಮಾಡಲೇನು?" ಎಂದಳು ಶಿವಲೀಲಾ.

"ಇಲ್ರಿ. ಈ ಬಲಕಿನ ಕಿವಿ ಹಿಂದನೂ ಕಡೀತೈತ್ರಿ."

ಬಲಗಿವಿಯ ಹಿಂದೆ ಆ ಹೊತ್ತಿಗೆ ನಮ್ಮವರು ಒಬ್ಬರೂ ಇರಲಿಲ್ಲ. ನನಗೆ ಚೆನ್ನಾಗಿ ಗೊತ್ತು. ಆದರೂ ಶಿವಲೀಲಾ ಅಲ್ಲಿ ಬಹಳ ಹೊತ್ತು ಹುಡುಕಿದಳು.

ಅಂದಿನಿಂದ ಅದು ರೂಢಿಯಾಯಿತು. ಶಾಲೆಗೆ ರಜೆ ಇದ್ದ ದಿನಗಳಲ್ಲಿ ಉಂಡ ಮೇಲೆ ಶಿವಲೀಲಾ ಕರೆಯುವಳು, ಹುಡುಗಿ ಬಂದು ಬೆನ್ನು ಕೊಟ್ಟು ಕೂರುವಳು. ಎದುರುಬದುರು ಕೂತಾಗ ಒಂದು ಮಾತೂ ಹೊರಡದ ಇಬ್ಬರಿಗೆ ಮುಖ ಕಾಣದೆ ಕೂತಾಗ ಮಾತು ಬರತೊಡಗಿತು. ಒಮ್ಮೆ ಹುಡುಗಿ ತಾನಾಗಿಯೇ ಹೇಳಿದಳು.

"ನಮ್ಮವ್ವ ಎಣ್ಣಿ ಹಚ್ಚಿ ಜಡಿ ಹಾಕತಿದ್ಲು."

ಶಿವಲೀಲಾಳ ಬೆರಳು ಒಂದು ಗಳಿಗೆ ನಿಂತಿತು. "ಹೆಂಗ ಹಾಕತಿದ್ಲು? ಒಂದೋ, ಎರಡೋ?"

"ಎರಡ್ರಿ. ಕೆಂಪ ರಿಬ್ಬನ್ ಮಡಚಿ, ಕಿವಿ ಮ್ಯಾಲೆ ಕಟ್ಟತಿದ್ಲು."

ಶಿವಲೀಲಾ ಅಂದು ಹಾಗೆಯೇ ಹಾಕಿದಳು. ಮೊದಲನೆಯ ಸಲ ಒಂದು ಜಡೆ ಮೇಲೆ, ಒಂದು ಕೆಳಗೆ ಆಯಿತು. ಬಿಚ್ಚಿ ಮತ್ತೆ ಹಾಕಿದಳು. ಹುಡುಗಿ ಒಳಗೆ ಹೋಗಿ ಕನ್ನಡಿಯ ಮುಂದೆ ನಿಂತು ಎರಡೂ ಜಡೆಗಳನ್ನು ಮುಟ್ಟಿ ಮುಟ್ಟಿ ನೋಡಿಕೊಂಡಳು. ಆ ನೆತ್ತಿಯ ಮೇಲೆ ಕೂತಿದ್ದ ನನಗೆ ಹೊಟ್ಟೆಕಿಚ್ಚಾಯಿತು. ನನ್ನ ಬಂಧುಗಳು ನನ್ನ ಪಕ್ಕದಲ್ಲೇ ತೇಲುತ್ತಾರೆ, ಆದರೆ ಯಾರೂ ಎಂದೂ ನನ್ನನ್ನು ಹೀಗೆ ಮುಟ್ಟಲಿಲ್ಲ.

ಒಂದು ದಿನ ತಲೆ ನೋಡಿಸಿಕೊಳ್ಳುತ್ತಲೇ ಹುಡುಗಿಗೆ ಜೋಂಪು ಹತ್ತಿತು. ಅವಳ ತಲೆ ಹಿಂದಕ್ಕೆ ವಾಲಿ ಶಿವಲೀಲಾಳ ಎದೆಗೆ ಒರಗಿತು. ಶಿವಲೀಲಾ ಎಬ್ಬಿಸಲಿಲ್ಲ, ಅಲುಗಾಡಲೂ ಇಲ್ಲ. ಸ್ವಲ್ಪ ಹೊತ್ತಿನ ಮೇಲೆ ಅವಳೇ ಬಗ್ಗಿ ತನ್ನ ಕೆನ್ನೆಯನ್ನು ಹುಡುಗಿಯ ತಲೆಯ ಮೇಲೆ ಊರಿದಳು. ಆಗ ನಾನಿದ್ದ ಹೇನು, ಹಳೆಯದರ ಮಗಳು, ಇನ್ನೂ ಎಳೆಯ ಹೆಣ್ಣು, ದಾರಿ ಸಿಕ್ಕಿತೆಂದು ನಡೆದು ಶಿವಲೀಲಾಳ ಕೂದಲು ಸೇರಿತು.

ಅಲ್ಲಿ ಮೊದಲ ಗುಟುಕು ಕುಡಿದಾಗ ನಾನು ಒಂದು ವಿಷಯ ಕಂಡೆ. ಮನುಷ್ಯರ ರಕ್ತದಲ್ಲಿ ಬಿಳಿಯ ಕಣಗಳಿರುತ್ತವೆ, ಅವುಗಳೊಳಗೆ ಅವರ ಉಂಗುರ ಇರುತ್ತದೆ. ಹೇನಿನ ಹೊಟ್ಟೆಯಲ್ಲಿ ಕರಗಿಹೋಗುವ ಮುನ್ನ ಒಂದು ಗಳಿಗೆ ಅದನ್ನು ನೋಡಬಹುದು. ಅವರದು ಇನ್ನೂ ಇಡಿಯಾದ ಉಂಗುರ. ಮೂವತ್ತೇಳು ಜೀನುಗಳೂ ಒಂದೇ ಸುತ್ತಿನಲ್ಲಿ, ನಾವು ಹಿಂದೆ ಇದ್ದ ಹಾಗೆ. ಅದನ್ನು ಕಂಡಾಗಲೆಲ್ಲ ನನಗೆ ಅಳು ಬರುತ್ತದೆ. ಪಲ್ಲವಿಯ ಮನೆಯಲ್ಲಿ ಅಜ್ಜಿ, ಅವ್ವ, ಮಗಳು ಮೂವರಲ್ಲೂ ಅಚ್ಚು ಹೊಯ್ದಂತೆ ಒಂದೇ ಉಂಗುರವಿತ್ತು. ಶಿವಲೀಲಾಳದು ಬನಶ್ರೀಯದಕ್ಕಿಂತ ಬೇರೆ. ಎಲ್ಲೋ ಬಹಳ ಹಿಂದೆಯೇ ಕವಲೊಡೆದ ಇಬ್ಬರು ತಾಯಂದಿರ ಸಾಲು ಅವು. ಈಕೆ ಅವಳ ತಾಯಲ್ಲ ಎಂದು ನನ್ನ ಕಟ್ಟಳೆ ಸ್ಪಷ್ಟವಾಗಿ ಹೇಳಿತು. ನಾನೂ ಹೌದೆಂದುಕೊಂಡೆ.

ಅಷ್ಟರಲ್ಲಿ ಶಾಲೆಯಲ್ಲಿ ಟೀಚರು ಹೇನಿದ್ದ ಮಕ್ಕಳನ್ನು ಹಿಂದಿನ ಸಾಲಿನಲ್ಲಿ ಬೇರೆ ಕೂರಿಸಿದರು. ಬನಶ್ರೀ ಅದನ್ನು ಮನೆಯಲ್ಲಿ ಹೇಳಲಿಲ್ಲ, ಕಾಶವ್ವ ಹೇಳಿದಳು. ಶಿವಲೀಲಾ ಔಷಧಿ ಅಂಗಡಿಯಿಂದ ಹೇನಿನ ಶಾಂಪೂ ತರಿಸಿದಳು. ಹಚ್ಚಿದಳು, ತೊಳೆದಳು, ಸಣ್ಣ ಹಲ್ಲಿನ ಹಣಿಗೆಯಿಂದ ಬಾಚಿದಳು, ವಾರ ಬಿಟ್ಟು ಮತ್ತೆ ಹಚ್ಚಿದಳು. ಬನಶ್ರೀಯ ತಲೆಯಲ್ಲಿದ್ದ ನನ್ನವರೆಲ್ಲ ಬಚ್ಚಲ ನೀರಿನಲ್ಲಿ ಹೋದರು. ಕಾಶವ್ವ ಬಂದು ಹುಡುಗಿಯ ಕೂದಲು ಹರವಿ ನೋಡಿ, "ಬರೋಬ್ಬರಿ ಮಾಡೀದಿ ನೋಡು, ಒಂದ ಸೀರ ಸೈತ ಇಲ್ಲ," ಎಂದಳು. ಶಿವಲೀಲಾ ನಕ್ಕಳು. ಮದುವೆಯಾಗಿ ಬಂದಾಗಿನಿಂದ ಓಣಿಯವರು ಅವಳಿಗೆ ಭೇಷ್ ಅಂದದ್ದು ಅದೇ ಮೊದಲು.

ತನ್ನ ತಲೆಯನ್ನು ನೋಡಿಕೊಳ್ಳಬೇಕೆಂದು ಅವಳಿಗೆ ಹೊಳೆಯಲಿಲ್ಲ. ಹೀಗೆ ನಾನಿದ್ದ ಹೇನು ಒಂದೇ ಉಳಿಯಿತು. ಎಷ್ಟು ನಡೆದರೂ ಮತ್ತೊಂದು ಹೇನು ಎದುರಾಗದ ತಲೆ ಅದು. ಗಂಡಿಲ್ಲದೆ ಇಟ್ಟ ಸೀರು ಮರಿಯಾಗುವುದಿಲ್ಲ. ಪಲ್ಲವಿಯ ತಲೆಯಲ್ಲಿ ನನ್ನ ಪ್ರತಿಗಳು ಸುಖವಾಗಿದ್ದವು, ಅದು ನನಗೆ ಗೊತ್ತು. ಆದರೆ ಈ ಸಾಲು ಈ ತಲೆಯಲ್ಲೇ ಮುಗಿಯುವುದೆಂದು ತಿಳಿದು ಬಹಳ ಅಂಜಿದೆ. ಒಂಟಿತನ ನನಗೆ ಹೊಸದಲ್ಲ, ಇಷ್ಟು ಒಂಟಿತನ ಹೊಸದು.

ನಾನೊಂದೇ ಅಲ್ಲ, ಆ ಮನೆಯಲ್ಲಿ ಇನ್ನಿಬ್ಬರು ಒಂಟಿಯಾಗಿದ್ದರು. ಮಧ್ಯಾಹ್ನವಾದರೆ ಶಿವಲೀಲಾ ಕಟ್ಟೆಗೆ ಬಂದು ಕೂರುವಳು. ಬನಶ್ರೀ ಪುಸ್ತಕ ಹಿಡಿದು ಹೊಸ್ತಿಲ ಮೇಲೆ ಕೂರುವಳು. ಅವಳು ಹಾಳೆ ತಿರುಗಿಸುತ್ತಿರಲಿಲ್ಲ. ಇವಳು ಕರೆಯುತ್ತಿರಲಿಲ್ಲ. ತಲೆ ಚೊಕ್ಕಟವಾಗಿರುವಾಗ ಏನೆಂದು ಕರೆಯುವುದು? ಬಾಯಿಯವರೆಗೆ ಬಂದ ಹೆಸರನ್ನು ಶಿವಲೀಲಾ ನುಂಗುವುದು ನೆತ್ತಿಯಲ್ಲಿದ್ದ ನನಗೆ ತಿಳಿಯುತ್ತಿತ್ತು. ಜಡೆ ಮತ್ತೆ ಒಂದಾಯಿತು, ಹುಡುಗಿ ತಾನೇ ಹಾಕಿಕೊಳ್ಳತೊಡಗಿದಳು. ಮಾತು ಮತ್ತೆ ರೊಟ್ಟಿ, ಪಲ್ಯ, ಸಾಕ್ರಿ ಎಂಬಲ್ಲಿಗೆ ಬಂದು ನಿಂತಿತು.

ಆಮೇಲೆ ಒಂದು ದಿನ ಶಿವಲೀಲಾ ಬಟ್ಟೆ ಒಣಹಾಕಲು ಹಿತ್ತಲಿಗೆ ಹೋದಳು. ಬನಶ್ರೀ ಗೋಡೆಯ ಮರೆಯಲ್ಲಿ ಕೂತು, ಒಂದು ಬೆಂಕಿಪೆಟ್ಟಿಗೆಯನ್ನು ತೆರೆದು, ತನ್ನ ತಲೆಯ ಮೇಲೆ ಬೋರಲು ಹಾಕಲು ಹೊರಟಿದ್ದಳು.

"ಏನದು ಕೈಯಾಗ?"

ಹುಡುಗಿ ಬೆಚ್ಚಿ ಕೈ ಹಿಂದಕ್ಕೆ ಮಾಡಿದಳು. ಶಿವಲೀಲಾ ಕಸಿದುಕೊಂಡು ನೋಡಿದಳು. ಪೆಟ್ಟಿಗೆಯಲ್ಲಿ ಎರಡು ಹೇನು ಹರಿದಾಡುತ್ತಿದ್ದವು.

"ಯಾರ ಕೊಟ್ರಿವನ್ನ?"

"ಪಲ್ಲವಿ ಕಡಿಂದ ಇಸ್ಕೊಂಡೇನ್ರಿ."

ಶಿವಲೀಲಾಳ ನೆತ್ತಿ ಕಾದ ಹಂಚಾಯಿತು. "ನಾ ಕಣ್ಣಾಗ ಎಣ್ಣಿ ಬಿಟ್ಕೊಂಡ ಒಂದೊಂದ ಹುಡುಕಿ ತೆಗದೀನಿ. ನೀ ಮತ್ತ ತಂದ ಹಾಕ್ಕೊಳ್ಳಾಕತ್ತೀಯಾ? ಓಣ್ಯಾಗ ನನ್ನ ಮರ್ಯಾದಿ ಹೋಗಲಿ ಅಂತ ಮಾಡೀಯೇನು? ಮಲತಾಯಿ ಹುಡುಗೀನ್ನ ನೋಡೂದಿಲ್ಲ ಅಂತ ಮಂದಿ ಅನಬೇಕೇನು? ನಾ ಏನ ಮಾಡೀನಿ ನಿನಗ?"

ಕೈ ಎತ್ತಿಯೇಬಿಡುತ್ತಾಳೆ ಎಂದುಕೊಂಡೆ. ಒಂದು ಏಟು ಬಿದ್ದಿದ್ದರೆ ಆ ಇಬ್ಬರ ನಡುವೆ ಮುಂದೆ ಏನೂ ಉಳಿಯುತ್ತಿರಲಿಲ್ಲ. ಒಳಗೆ ಮಹಾಂತೇಶನ ಮಗ್ಗ ಬಡಿಯುತ್ತಲೇ ಇತ್ತು, ಅವನಿಗೆ ಇದಾವುದೂ ಕೇಳಿಸಲಿಲ್ಲ. ಹುಡುಗಿ ನೆಲ ನೋಡುತ್ತ ನಿಂತಿದ್ದಳು. ಮೆಲ್ಲಗೆ ಹೇಳಿದಳು.

"ಹೇನು ಇಲ್ಲಂದ್ರ ನೀವು ನನ್ನ ಕರಿಯೂದ ಇಲ್ಲಲ್ರಿ."

ಶಿವಲೀಲಾ ಒಳಗೆ ಹೋಗಿ ಬೆಂಕಿಪೆಟ್ಟಿಗೆಯನ್ನು ಒಲೆಯ ಕೆಂಡಕ್ಕೆ ಹಾಕಿದಳು. ಅಲ್ಲೇ ಒಂದಿಷ್ಟು ಹೊತ್ತು ಕುಕ್ಕರಗಾಲಲ್ಲಿ ಕೂತಳು. ಸೆರಗಿನಿಂದ ಮುಖ ಒರೆಸಿಕೊಂಡಳು. ಆಮೇಲೆ ಮುಂದಿನ ಕಟ್ಟೆಗೆ ಬಂದು, ಯಾವತ್ತೂ ಕೂರುವ ಮೇಲಿನ ಮೆಟ್ಟಿಲನ್ನು ಬಿಟ್ಟು ಕೆಳಗಿನದರ ಮೇಲೆ ಕೂತು, ತನ್ನ ತುರುಬು ಬಿಚ್ಚಿದಳು.

"ಬನೂ, ಇಲ್ಲಿ ಬಾ. ನನ್ನ ತಲಿಯಾಗ ಏನೋ ಹರಿದಾಡಾಕತ್ತೈತಿ. ನೋಡು."

ಪೂರ್ತಿ ಹೆಸರನ್ನು ಬಿಟ್ಟು ಹಾಗೆ ಕರೆದದ್ದು ಹುಡುಗಿಗೆ ಕೇಳಿಸಿತೋ ಇಲ್ಲವೋ. ಬಾಗಿಲಲ್ಲೇ ನಿಂತು, "ನನಗ ಬರೂದಿಲ್ರಿ," ಎಂದಳು.

"ಕಲೀತಿ ಬಾ. ನಾನೂ ನಿನ್ನ ತಲಿ ಮ್ಯಾಲೇ ಕಲತೀನಿ."

ಹುಡುಗಿ ಬಂದು ಮೇಲಿನ ಮೆಟ್ಟಿಲ ಮೇಲೆ ಕೂತಳು. ಅವಳ ಬೆರಳುಗಳಿಗೆ ಇನ್ನೂ ಹದ ಗೊತ್ತಿರಲಿಲ್ಲ. ಕೂದಲು ಜಗ್ಗಿದಾಗಲೆಲ್ಲ ಶಿವಲೀಲಾ ತುಟಿ ಕಚ್ಚಿ ಸುಮ್ಮನಿದ್ದಳು. ನನ್ನ ಹೇನು ಬೆಳಕು ಬಿದ್ದಲ್ಲಿಂದೆಲ್ಲ ಓಡಿತು, ನೆತ್ತಿಯಿಂದ ಹಣೆಯ ಕಡೆಗೆ, ಹಣೆಯಿಂದ ಕಿವಿಯ ಕಡೆಗೆ. ಬೆರಳುಗಳು ಬೆನ್ನು ಬಿಡಲಿಲ್ಲ. ಅಷ್ಟರಲ್ಲಿ ಕಾಶವ್ವ ಬೀದಿಯಲ್ಲಿ ಹೋಗುತ್ತ ಏನೋ ಕೇಳಿದಳು, ಶಿವಲೀಲಾ ಆ ಕಡೆ ತಿರುಗಿದಳು. ಹುಡುಗಿ ರೇಗಿ ಕೂಗಿದಳು.

"ಅವ್ವಾ, ಅಳ್ಳಾಡಬ್ಯಾಡ! ಓಡಿ ಹೊಕ್ಕೈತಿ!"

ಬೇಟೆಯ ಗಡಿಬಿಡಿಯಲ್ಲಿ ತಾನು ಏನು ಅಂದೆನೆಂದು ಅವಳಿಗೆ ಗೊತ್ತೇ ಆಗಲಿಲ್ಲ. ಶಿವಲೀಲಾಗೆ ಗೊತ್ತಾಯಿತು. ಅವಳು ಕಾಶವ್ವನಿಗೆ ಉತ್ತರ ಕೊಡಲಿಲ್ಲ. ಕಲ್ಲಿನ ಹಾಗೆ ಅಲುಗಾಡದೆ ಕೂತಳು. ಉಸಿರನ್ನು ಕೂಡ ಮೆಲ್ಲಗೆ ಬಿಟ್ಟಳು.

ಆಗ ನಾನು ಸಿಕ್ಕಿಬಿದ್ದೆ. ಹೇನನ್ನು ಎರಡು ಹೆಬ್ಬೆರಳ ಉಗುರುಗಳ ನಡುವೆ ಒತ್ತುವಾಗ ಆ ಕಡೆಯ ಹೆಂಗಸರು ಹಲ್ಲಿನ ಸಂದಿಯಿಂದ ‘ಸ್ಸ್’ ಎಂದು ಉಸಿರೆಳೆದುಕೊಳ್ಳುತ್ತಾರೆ. ಯಾಕೆ ಹಾಗೆ ಮಾಡುತ್ತಾರೆಂದು ಅವರಿಗೂ ತಿಳಿಯದು. ಬನಶ್ರೀಯೂ ಹಾಗೆಯೇ ‘ಸ್ಸ್’ ಎಂದಳು. ಚಟ್ ಎಂದಿತು. ಉಗುರನ್ನು ಕಟ್ಟೆಯ ಕಲ್ಲಿಗೆ ಒರೆಸಿದಳು.

ಈಗ ನಾನಿರುವುದು ಆ ಕಲ್ಲಿನ ಮೇಲೆ, ಒಣಗಿದ ಒಂದು ಚುಕ್ಕೆಯಲ್ಲಿ. ನನ್ನಂಥವರು ಮೈ ಸತ್ತ ಮೇಲೂ ಸ್ವಲ್ಪ ಕಾಲ ಉಳಿಯುತ್ತೇವೆ, ಆಮೇಲೆ ಬಿಸಿಲು ತಿನ್ನುತ್ತದೆ. ನನ್ನ ಅಣ್ಣತಮ್ಮಂದಿರೂ ಇದೇ ಚುಕ್ಕೆಯಲ್ಲಿ ಇದ್ದಾರೆ. ಇಷ್ಟು ಹತ್ತಿರ ನಾವು ಎಂದೂ ಇರಲಿಲ್ಲ. ಆದರೆ ಮಾತು ಇನ್ನೂ ಇಲ್ಲ. ನನಗೆ ದುಃಖವಿದೆ, ಸುಳ್ಳು ಹೇಳುವುದಿಲ್ಲ. ಅಷ್ಟು ಲಕ್ಷ ವರ್ಷ ಒಂದು ತಾಯಿಯಿಂದ ಮತ್ತೊಂದು ತಾಯಿಗೆ ಕೈ ದಾಟುತ್ತ ಬಂದವರು ಒಂದು ಮಧ್ಯಾಹ್ನ ಮುಗಿದುಹೋಗುವುದು ಸಣ್ಣ ಮಾತಲ್ಲ. ತಾಯಿಯಾಗುವ ದಾರಿ ಮೈಯೊಳಗೇ ಇದೆ ಎಂದು ನಂಬಿದ್ದೆ, ಆ ನಂಬಿಕೆಯೂ ಉಳಿಯಲಿಲ್ಲ. ಈ ಇಬ್ಬರ ಉಂಗುರಗಳು ಇಂದಿಗೂ ಬೇರೆ ಬೇರೆಯೇ. ಅದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಅವರಿಗೆ ಅದು ಗೊತ್ತಿಲ್ಲ, ಬೇಕಾಗಿಯೂ ಇಲ್ಲ.

ಮರುದಿನ ಮಧ್ಯಾಹ್ನ ಅವರು ಮತ್ತೆ ಬಂದು ಕೂತರು. ಶಿವಲೀಲಾ ಮೇಲೆ, ಹುಡುಗಿ ಕೆಳಗೆ. ಹುಡುಗಿಯ ಕಾಲು ನನ್ನಿಂದ ಒಂದು ಗೇಣು ದೂರದಲ್ಲಿತ್ತು. ಶಿವಲೀಲಾ ಕೂದಲು ಸೀಳಿ ಸೀಳಿ ನೋಡಿದಳು, ಕಿವಿಯ ಹಿಂದೆ ನೋಡಿದಳು, ಕುತ್ತಿಗೆಯ ಹತ್ತಿರ ನೋಡಿದಳು. ಆಮೇಲೆ ಎರಡು ಹೆಬ್ಬೆರಳ ಉಗುರುಗಳನ್ನು ಸೇರಿಸಿ ಒತ್ತಿ, ‘ಸ್ಸ್’ ಎಂದಳು.

"ಸಿಕ್ತೇನವ್ವಾ?"

"ಸಿಕ್ತು. ಬಾಳ ದೊಡ್ಡದಿತ್ತು."

"ಇನ್ನೂ ಅದಾವೇನು?"

"ಅದಾವ ಅನಸತೈತಿ. ಕುಂದ್ರು, ನೋಡ್ತೀನಿ."

ಆ ತಲೆಯಲ್ಲಿ ಏನೂ ಇರಲಿಲ್ಲ. ಆ ಮನೆಯ ಕೊನೆಯ ಹೇನು ಅವರ ಕಾಲ ಬಳಿ ಕಲ್ಲಿಗೆ ಒಣಗಿತ್ತು, ಅದರೊಳಗೆ ನಾನಿದ್ದೆ.